ಗೇರ್ ಹಾಕಿದ ಕೂಡಲೇ ಎಂಜಿನ್ ಬಂದ್ ಆಗುವುದೇಕೆ?

ಪ್ರಶ್ನೆ: ಸೈಡ್ ಸ್ಟ್ಯಾಂಡ್ ಹಾಕಿದ್ದರೂ ನನ್ನ ಬೈಕ್ ಸ್ಟಾರ್ಟ್ ಆಗುತ್ತದೆ. ಫಸ್ಟ್ ಗೇರ್ ಹಾಕಿದರೆ ಮಾತ್ರ ಬಂದ್. ಇದು ಹೇಗೆ? ಮಳೆಗಾಲದಲ್ಲಿ ಸ್ಟ್ಯಾಂಡ್ ಎತ್ತಿದ್ದರೂ ಒಮ್ಮೊಮ್ಮೆ ಹೀಗಾಗುತ್ತದೆ. ವೈರ್ ಕತ್ತರಿಸಿ ಜೋಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ಮಾಡಿಸಬಹುದೇ?

ಉತ್ತರ: ಮಾಡಿಸಬೇಡಿ. ಕಾರಣ ತಿಳಿಯಲು ಸ್ಟ್ಯಾಂಡಿನ ಬುಡದ ಬೋಲ್ಟ್ ಬಳಿ ಬಗ್ಗಿ ನೋಡಿ. ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ಸ್ವಿಚ್, ಅದರಿಂದ ಹೊರಟ ತೆಳ್ಳನೆಯ ವೈರ್ ಕಾಣುತ್ತದೆ. ಸ್ಟ್ಯಾಂಡ್ ಮೇಲಿದೆಯೋ ಕೆಳಗಿದೆಯೋ ಎಂದು ತಿಳಿಸುವುದು ಇದೇ.

ಆದರೆ ಇದೊಂದರ ಮಾತು ಕೇಳಿ ಎಂಜಿನ್ ನಿಲ್ಲುವುದಿಲ್ಲ. ಗೇರ್ ಬಾಕ್ಸಿನಲ್ಲಿ ನ್ಯೂಟ್ರಲ್ ಸ್ವಿಚ್ ಇದೆ. ಮೀಟರಿನ ಹಸಿರು ದೀಪ ಹೊತ್ತಿಸುವುದೂ ಅದೇ. ಬೈಕ್ ನ್ಯೂಟ್ರಲ್‌ನಲ್ಲಿದ್ದರೆ ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗದು, ಹಾಗಾಗಿ ಸ್ಟ್ಯಾಂಡ್ ಇಳಿದಿದ್ದರೂ ಅಪಾಯವಿಲ್ಲ. ಗೇರ್ ಬಿದ್ದು ಸ್ಟ್ಯಾಂಡೂ ಕೆಳಗಿದ್ದರೆ ಸ್ಪಾರ್ಕ್ ನಿಲ್ಲುತ್ತದೆ. ಅನೇಕ ಬೈಕ್‌ಗಳಲ್ಲಿ ಕ್ಲಚ್ ಲಿವರಿನಡಿ ಮೂರನೆಯ ಸ್ವಿಚ್ಚೂ ಇರುತ್ತದೆ. ಗೇರ್‌ನಲ್ಲಿರುವಾಗ ಕ್ಲಚ್ ಹಿಡಿಯದೆ ಬಟನ್ ಒತ್ತಿದರೆ ಬೈಕ್ ಮುಂದಕ್ಕೆ ಜಿಗಿಯಬಾರದಲ್ಲ, ಅದಕ್ಕೆ. ಗೇರ್ ಇಲ್ಲದ ಸ್ಕೂಟರಿಗೆ ನ್ಯೂಟ್ರಲ್ಲೇ ಇಲ್ಲ. ಹಾಗಾಗಿ ಸ್ಟ್ಯಾಂಡ್ ಸ್ವಿಚ್ ಇರುವ ಇಂಥ ಸ್ಕೂಟರುಗಳು ಸ್ಟ್ಯಾಂಡ್ ಎತ್ತುವವರೆಗೆ ಸ್ಟಾರ್ಟೇ ಆಗುವುದಿಲ್ಲ.

ಇಷ್ಟೆಲ್ಲ ಏಕೆಂದರೆ, ಸ್ಟ್ಯಾಂಡ್ ಇರುವುದು ಎಡಕ್ಕೆ. ಅದನ್ನು ಎತ್ತಲು ಮರೆತು ಎಡ ತಿರುವಿನಲ್ಲಿ ವಾಲಿದರೆ ಅದರ ತುದಿ ರಸ್ತೆಗೆ ಊರಿಕೊಂಡು ಹಿಂದಿನ ಚಕ್ರವನ್ನು ಎತ್ತಿಬಿಡಬಹುದು. ಸವಾರನಿಗೆ ಸಾವರಿಸಿಕೊಳ್ಳಲು ಸಮಯವೇ ಸಿಗದು.

ಎಂಜಿನ್ ನಿಲ್ಲಿಸುವ ಇನ್ನೆರಡು ಉಪಾಯಗಳಿವೆ. ಬಲ ಹ್ಯಾಂಡಲಿನ ಕೆಂಪು ಕಿಲ್ ಸ್ವಿಚ್ ಸವಾರನ ಕೈಯಲ್ಲಿರುವುದು. ಆಕ್ಸಿಲರೇಟರ್ ಸಿಕ್ಕಿಕೊಂಡಾಗ ಹ್ಯಾಂಡಲ್ ಬಿಡದೆ ಒತ್ತಬಹುದು. ಎರಡನೆಯದು, ಫ್ಯೂಯಲ್ ಇಂಜೆಕ್ಷನ್ ಬೈಕ್‌ಗಳ ವಾಲಿಕೆ ಸೆನ್ಸರ್. ಇವುಗಳಲ್ಲಿ ಪೆಟ್ರೋಲನ್ನು ವಿದ್ಯುತ್ ಪಂಪ್ ಒತ್ತಡದಿಂದ ತಳ್ಳುತ್ತದೆ. ಬೈಕ್ ಉರುಳಿದ ಮೇಲೂ ಅದು ಓಡುತ್ತಿದ್ದರೆ, ಪೈಪ್ ಒಡೆದ ಕಡೆಯಿಂದ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಚಿಮ್ಮಬಹುದು. ಆದ್ದರಿಂದ ಬೈಕ್ ಸುಮಾರು 60 ಡಿಗ್ರಿ ಮೀರಿ ವಾಲಿದ್ದೇ ಸೆನ್ಸರ್ ಎಂಜಿನ್ ಮತ್ತು ಪಂಪ್ ಎರಡನ್ನೂ ನಿಲ್ಲಿಸುತ್ತದೆ. ಬಿದ್ದ ಬೈಕನ್ನು ಎತ್ತಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಪೆಟ್ರೋಲ್ ಸೋರುತ್ತಿಲ್ಲವೆಂದು ನೋಡಿಕೊಂಡು, ಕೀಲಿ ಆಫ್ ಮಾಡಿ ಮತ್ತೆ ಆನ್ ಮಾಡಿ.

ಇನ್ನು ನಿಮ್ಮ ಮಳೆಗಾಲದ ತೊಂದರೆ. ಸ್ಟ್ಯಾಂಡ್ ಸ್ವಿಚ್ ಇರುವುದೇ ಕೆಸರು ಸಿಡಿಯುವ ಜಾಗದಲ್ಲಿ. ಒಳಗೆ ಮಣ್ಣು ಸೇರಿದರೆ, ಕನೆಕ್ಟರಿನಲ್ಲಿ ನೀರು ನಿಂತರೆ, ಸ್ಪ್ರಿಂಗ್ ಸಡಿಲವಾಗಿ ಸ್ಟ್ಯಾಂಡ್ ಪೂರ್ತಿ ಮೇಲೇಳದಿದ್ದರೆ, ಅದು ಇಳಿದೇ ಇದೆ ಎಂಬ ಸಂಕೇತ ಹೋಗುತ್ತದೆ. ಮೊದಲು ಸ್ವಿಚ್ ತೊಳೆಸಿ, ಒಣಗಿಸಿ, ಸ್ಪ್ರಿಂಗ್ ನೋಡಿಸಿ. ಆಮೇಲೂ ಕಾಟ ಕೊಟ್ಟರೆ ಹೊಸ ಸ್ವಿಚ್ ಹಾಕಿಸಿ. ವೈರ್ ಜೋಡಿಸಿದರೆ ಬೈಕ್ ಓಡುತ್ತದೆ, ನಿಜ. ಆದರೆ ನೀವು ಸ್ಟ್ಯಾಂಡ್ ಮರೆತ ದಿನವೂ ಓಡುತ್ತದೆ.

ರಿಪೇರಿ ಆದ ಮೇಲೆ ಹೀಗೆ ಪರೀಕ್ಷಿಸಿ: ಬೈಕ್ ಮೇಲೆ ಕುಳಿತು ಸ್ಟ್ಯಾಂಡ್ ಇಳಿಸಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕ್ಲಚ್ ಬಿಗಿಯಾಗಿ ಹಿಡಿದು ಫಸ್ಟ್ ಗೇರ್ ಹಾಕಿ. ಎಂಜಿನ್ ನಿಂತರೆ ಮಾತ್ರ ಮೆಕ್ಯಾನಿಕ್‌ಗೆ ದುಡ್ಡು ಕೊಡಿ.