ಆದವಾನಿಯನ್ನು ನಡೆದು ಓದೋಣ

ಊರೂ ಒಂದು ಪಠ್ಯಪುಸ್ತಕವೇ. ವಾಹನದಲ್ಲಿ ಹಾದುಹೋಗುವವರಿಗೆ ಅದರ ರಕ್ಷಾಪುಟವಷ್ಟೇ ಕಾಣುತ್ತದೆ. ಒಳಪುಟಗಳನ್ನು ತಿರುವಲು ನಡೆಯಲೇಬೇಕು. ಜಪಾನಿನ ಕನಜಾವಾ ಎಂಬ ಕೋಟೆಪಟ್ಟಣದಲ್ಲಿ ಪ್ರವಾಸಿಗರು ಹಳೆಯ ಕೇರಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಅಲ್ಲಿನ ಸಿಹಿ ತಿನಿಸುಗಳನ್ನು ಚಹಾದೊಡನೆ ಸವಿಯುತ್ತಾರೆ. ಅಲ್ಲಿ ಆಳಿದ ಮಾಯೆದಾ ಮನೆತನದವರು ಚಹಾ ಸೇವನೆಯ ಕಲೆಗೆ ಪ್ರೋತ್ಸಾಹವಿತ್ತುದರಿಂದ ಆ ಸಿಹಿಯ ಕಸುಬೂ ಬೆಳೆಯಿತು. ಹೀಗೆ ಕಟ್ಟಡದಂತೆ ತಿನಿಸೂ ಚರಿತ್ರೆಯ ಸಾಕ್ಷಿಯಾಗಬಲ್ಲದು. ಈ ಕ್ರಮದಲ್ಲಿ ನಮ್ಮ ಆದವಾನಿಯನ್ನು ನೋಡೋಣ.

ಬೆಟ್ಟದ ಮೇಲಿನ ಕೋಟೆ ವಿಜಯನಗರದ ಬಲವಾದ ನೆಲೆಗಳಲ್ಲೊಂದು. 1565ರ ಯುದ್ಧದ ತರುವಾಯ ಅದು ಬಿಜಾಪುರದ ಆದಿಲಶಾಹಿಗಳ ವಶವಾಯಿತು. 1786ರಲ್ಲಿ ಟಿಪ್ಪು ಸುಲ್ತಾನನು ಅದನ್ನು ಗೆದ್ದನು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಬೆಟ್ಟದಲ್ಲಿ ರಣಮಂಡಲದ ಆಂಜನೇಯನ ಗುಡಿಯಿದೆ. ಊರೊಳಗಿನ ಜಾಮಿಯಾ ಮಸೀದಿಯನ್ನು 17ನೆಯ ಶತಮಾನದಲ್ಲಿ ಕಟ್ಟಿಸಿದವನು ಸಿದ್ದಿ ಮಸೂದ್ ಖಾನ್. ಮಂಚಾಲೆ ಗ್ರಾಮವನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ರಾಘವೇಂದ್ರ ಸ್ವಾಮಿಗಳಿಗೆ ಇತ್ತವನೂ ಅವನೇ ಎಂಬುದು ಭಕ್ತರ ಪರಂಪರೆಯ ಮಾತು.

ಅಲ್ಲಿಂದ ಪೇಟೆಗೆ ಬಂದರೆ ಹತ್ತಿಯ ವ್ಯಾಪಾರ. ಸುತ್ತಲಿನ ಎರೆಹೊಲಗಳು ಹತ್ತಿ ಬೆಳೆದವು. ರಾಯಚೂರು-ಗುಂತಕಲ್ಲು ರೈಲುಮಾರ್ಗ ಅದನ್ನು ದೂರದ ಊರುಗಳಿಗೆ ಒಯ್ಯಿತು. ಇಲ್ಲಿಯ ಕಾರ್ಖಾನೆಗಳಲ್ಲಿ ಅರಳೆ ಬೇರೆ, ಬೀಜ ಬೇರೆ ಆಗುತ್ತದೆ.

ನಡೆದು ದಣಿದವರಿಗೆ ತಿನಿಸು ಬೇಕಷ್ಟೆ? ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿಗಳ ಒಗ್ಗರಣೆಗೆ ಹಾಕಿ, ಪುಟಾಣಿಯ ಪುಡಿ ಉದುರಿಸಿದರೆ ನಮ್ಮ ಸೀಮೆಯ ಉಪಾಹಾರ ಸಿದ್ಧ. ತೆಲುಗು ಮಾತಿನವರು ಅದನ್ನು ಉಗ್ಗಾಣಿ ಎಂದರೆ, ಬಳ್ಳಾರಿಯ ಕಡೆಯವರು ಒಗ್ಗರಣೆ ಎನ್ನುತ್ತಾರೆ. ಎರಡು ಕಡೆಯೂ ಜೊತೆಗೆ ಮೆಣಸಿನಕಾಯಿ ಬಜ್ಜಿ ಇರಬೇಕು. ಹಬ್ಬದ ಸಿಹಿಯೂ ಹಾಗೆಯೇ: ನಮ್ಮ ಹೋಳಿಗೆ ರಾಯಲಸೀಮೆಯ ತೆಲುಗಿನಲ್ಲಿ ಓಳಿಗ, ಕರಾವಳಿ ಆಂಧ್ರದಲ್ಲಿ ಅದು ಬೊಬ್ಬಟ್ಟು.

ಇಲ್ಲಿ ಒಂದು ಪಾಠವಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ಭಾಗ ಮೈಸೂರಿಗೆ ಹೋಯಿತು. ನಕಾಶೆಯಲ್ಲಿ ಬಿದ್ದ ಆ ಗೆರೆ ಅಡುಗೆಮನೆಗಳನ್ನು ಬೇರ್ಪಡಿಸಲಿಲ್ಲ. ಆದರೆ ಅಕ್ಷರದ ಸಂಗತಿ ಬೇರೆ. ರುಚಿ ನಾಲಗೆಯಿಂದ ನಾಲಗೆಗೆ ತಾನೇ ದಾಟುತ್ತದೆ. ಲಿಪಿಯನ್ನು ಕಲಿಸದಿದ್ದರೆ ಅದು ಒಂದೇ ತಲೆಮಾರಿಗೆ ನಿಂತುಹೋಗುತ್ತದೆ. ಆದವಾನಿಯ ಸಮೀಪದ ಪೆದ್ದತುಂಬಳದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಕನ್ನಡ ಓದಬಲ್ಲ ಮಕ್ಕಳಿಲ್ಲದಿದ್ದರೆ ಅವು ಈ ನೆಲದವರಿಗೇ ಬರಿಯ ಕಲ್ಲುಗಳಾದಾವು. ಐವತ್ತು ವರ್ಷಗಳಿಂದ ನಮ್ಮ ಶಾಲೆ ಮಾಡುತ್ತಿರುವ ಕೆಲಸದ ಬೆಲೆ ಇಲ್ಲಿ ತಿಳಿಯುತ್ತದೆ.

ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ತಮ್ಮ ಮಕ್ಕಳೊಡನೆ ಹೀಗೊಮ್ಮೆ ನಡೆಯಬೇಕು. ಕೈಯಲ್ಲಿ ಒಂದು ನೋಟುಪುಸ್ತಕವಿರಲಿ. ಮಕ್ಕಳು ಕಂಡ ಕಟ್ಟಡ, ಕೇಳಿದ ಪದ, ತಿಂದ ತಿನಿಸು ಇವನ್ನು ಮೂರು ಸಾಲುಗಳಾಗಿ ಬರೆದುಕೊಳ್ಳಲಿ. ಒಂದೇ ವಸ್ತುವಿಗೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಇರುವ ಹೆಸರುಗಳನ್ನು ಹಿರಿಯರಿಂದ ಕೇಳಿ ಎದುರುಬದುರು ಗುರುತಿಸಲಿ. ಬರೆಯುವುದು ಮಾತ್ರ ಕನ್ನಡ ಅಕ್ಷರಗಳಲ್ಲಿರಲಿ.