ಹದಿಹರೆಯದ ಮಕ್ಕಳ ಜೊತೆ ನಡೆಯೋಣ



ನಿನ್ನೆ ಮೊನ್ನೆಯವರೆಗೆ ಅಮ್ಮನ ಸೆರಗು ಹಿಡಿದು ಚರ್ಚಿಗೆ ಬರುತ್ತಿದ್ದ ಮಗು ಹದಿಮೂರು ತುಂಬುವಷ್ಟರಲ್ಲಿ ಬಾಗಿಲ ಹತ್ತಿರ ದೂರ ನಿಲ್ಲತೊಡಗುತ್ತದೆ. ಕೇಳಿದ್ದಕ್ಕೆ ಉತ್ತರವಿಲ್ಲ, ಮಾತೆತ್ತಿದರೆ ಸಿಡುಕು. "ಈಗಿನ ಮಕ್ಕಳೇ ಹೀಗೆ ಬಿಡಿ" ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಹೆತ್ತವರ ಹತ್ತಿರ ಹೇಳಲಾಗದ್ದನ್ನು ಹೇಳಿಕೊಳ್ಳಲು ನಂಬಿಕೆಯ ಹಿರಿಯರೊಬ್ಬರು ಬೇಕಾಗಿರುವುದು ಈ ವಯಸ್ಸಿನಲ್ಲೇ.

ಅನೇಕ ಧರ್ಮಕೇಂದ್ರಗಳಲ್ಲಿ ಹೈಸ್ಕೂಲು ಮಕ್ಕಳಿಗೆ ವೈ.ಸಿ.ಎಸ್. ಗುಂಪು ಇದೆ. ಅದನ್ನು ಫಾದರ್ ಅಥವಾ ಸಿಸ್ಟರ್ ಮಾತ್ರ ನಡೆಸಬೇಕೆಂದೇನಿಲ್ಲ. ವಾರವಾರ ಸಭೆ ಸೇರಿ, ಎಲ್ಲರ ಮಾತು ಕೇಳಿ, ನಡಾವಳಿ ಬರೆದು ರೂಢಿಯಿರುವ ನಾವು ಈ ಮಕ್ಕಳಿಗೆ ಒಳ್ಳೆಯ ಜೊತೆಗಾರರಾಗಬಲ್ಲೆವು.

ಮೊದಲು ಕಿವಿ, ಆಮೇಲೆ ಬಾಯಿ

ಯೇಸುಸ್ವಾಮಿ ಹನ್ನೆರಡು ವರ್ಷದವರಿದ್ದಾಗಿನ ಒಂದು ಘಟನೆ ಲೂಕನ ಶುಭಸಂದೇಶದಲ್ಲಿದೆ. ಪಾಸ್ಕಹಬ್ಬ ಮುಗಿಸಿ ಎಲ್ಲರೂ ಊರಿಗೆ ಹೊರಟರೂ ಬಾಲಯೇಸು ಜೆರುಸಲೇಮಿನಲ್ಲೇ ಉಳಿದರು. ಮೂರು ದಿನದ ಮೇಲೆ ತಂದೆತಾಯಿಗೆ ಅವರು ಸಿಕ್ಕಿದ್ದು ದೇವಾಲಯದಲ್ಲಿ, ಬೋಧಕರ ನಡುವೆ. ಚಿಕ್ಕ ಹುಡುಗ ಎಂದು ಬೋಧಕರು ಗದರಿಸಿ ಕಳಿಸಿರಲಿಲ್ಲ, ಅವರ ಪ್ರಶ್ನೆಗಳಿಗೆ ಜಾಗ ಕೊಟ್ಟಿದ್ದರು. ಮರಿಯಮ್ಮನವರು ತಮ್ಮ ಸಂಕಟ ಮುಚ್ಚಿಡದೆ ಯಾಕೆ ಹೀಗಾಯಿತೆಂದು ಕೇಳಿದರು. ಮಗನ ಉತ್ತರ ಆಗ ಅರ್ಥವಾಗಲಿಲ್ಲ. ಆದರೂ ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡರು. ನಮಗೂ ಇದೇ ಪಾಠ: ಮಗುವಿನ ಮಾತು ಅರ್ಥವಾಗದಿದ್ದರೂ ಮಗುವಿನ ಕೈ ಬಿಡಬಾರದು.

ಮೂರು ಹೆಜ್ಜೆ

ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡೈನ್ (1882–1967) ದುಡಿಯುವ ಯುವಜನರಿಗಾಗಿ 1925ರಲ್ಲಿ ಒಂದು ಚಳವಳಿ ಕಟ್ಟಿದರು. ಬರೀ ಉಪದೇಶ ಕೊಡುವ ಬದಲು, ತಮ್ಮ ಬದುಕನ್ನು ತಾವೇ ನೋಡಿ ಬದಲಿಸಿಕೊಳ್ಳಲು ಕಲಿಸಿದರು. ನೋಡು, ವಿವೇಚಿಸು, ಮಾಡು: ಇವೇ ಅವರ ಮೂರು ಹೆಜ್ಜೆ. 1961ರಲ್ಲಿ ಪೋಪ್ 23ನೇ ಜಾನ್ ಕೂಡ ಈ ಕ್ರಮವನ್ನು ಎತ್ತಿಹಿಡಿದರು. ವೈ.ಸಿ.ಎಸ್. ಗುಂಪುಗಳು ನಡೆಯುವುದೂ ಹೀಗೆಯೇ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೂರು ವಾರದಿಂದ ಗುಂಪಿಗೂ ಬಂದಿಲ್ಲ, ಶಾಲೆಗೂ ಹೋಗಿಲ್ಲ ಎಂದಿಟ್ಟುಕೊಳ್ಳಿ.

1. ನೋಡು: ಗೆಳತಿಯರು ಮನೆಗೆ ಹೋಗಿ ಮಾತಾಡಿಸುತ್ತಾರೆ. ತಾಯಿ ಕೂಲಿಗೆ ಹೋಗುತ್ತಾರೆ, ನಾಲ್ಕು ವರ್ಷದ ತಮ್ಮನನ್ನು ನೋಡಿಕೊಳ್ಳಲು ಇವಳು ಉಳಿದಿದ್ದಾಳೆ ಎಂದು ತಿಳಿಯುತ್ತದೆ.

2. ವಿವೇಚಿಸು: ಮನೆಯಲ್ಲಿ ಅಣ್ಣನೂ ಇರುವಾಗ ಇವಳೇ ಯಾಕೆ ಶಾಲೆ ಬಿಡಬೇಕು? ಇದು ನ್ಯಾಯವೇ? ಯೇಸುಸ್ವಾಮಿ ಏನು ಬಯಸುತ್ತಾರೆ? ಮಕ್ಕಳೇ ಚರ್ಚಿಸಲಿ. ನಾವು ಅವಸರಪಟ್ಟು ಉತ್ತರ ಹೇಳಿಬಿಡಬಾರದು.

3. ಮಾಡು: ಈ ವಾರವೇ ಮಾಡಬಹುದಾದದ್ದನ್ನು ಆರಿಸಿಕೊಳ್ಳಿ. ಗೆಳತಿಯರು ನೋಟ್ಸ್ ತಲುಪಿಸಲಿ. ತಮ್ಮನನ್ನು ಅಂಗನವಾಡಿಗೆ ಸೇರಿಸಲು ತಾಯಿಯ ಹತ್ತಿರ ನಾವು ಮಾತಾಡೋಣ. ಅಂಗನವಾಡಿ ಬಿಟ್ಟ ಮೇಲೆ ಅವನು ಯಾರ ಮನೆಯಲ್ಲಿರಬೇಕು ಎಂಬುದನ್ನೂ ಗೊತ್ತು ಮಾಡಬೇಕು. ಇಲ್ಲದಿದ್ದರೆ ಹುಡುಗಿ ಮತ್ತೆ ಮನೆಯಲ್ಲೇ.

ಮುಂದಿನ ಭಾನುವಾರ "ಏನಾಯ್ತು?" ಎಂದು ಮರೆಯದೆ ಕೇಳಬೇಕು.

ಎಲ್ಲ ಗುಟ್ಟೂ ಗುಟ್ಟಲ್ಲ

ಮಕ್ಕಳು ನಂಬಿ ಹೇಳಿದ್ದನ್ನು ನಲ್ಲಿಯ ಹತ್ತಿರ ಆಡಿಕೊಂಡರೆ ಅವರು ಇನ್ನೆಂದೂ ಬಾಯಿ ಬಿಡುವುದಿಲ್ಲ. ಆದರೆ ಯಾರೋ ಕೆಟ್ಟದಾಗಿ ಮುಟ್ಟಿದ್ದು, ಹದಿನೆಂಟು ತುಂಬುವ ಮೊದಲೇ ಹುಡುಗಿಗೆ ಮದುವೆ ಗೊತ್ತಾಗಿದ್ದು, ಸಾಯುವ ಮಾತು ಬಂದದ್ದು ಮುಚ್ಚಿಡುವ ಗುಟ್ಟುಗಳಲ್ಲ. ಆದ್ದರಿಂದ "ಯಾರಿಗೂ ಹೇಳಲ್ಲ" ಎಂದು ಮೊದಲೇ ಮಾತು ಕೊಡಬೇಡಿ. "ನಿನಗೆ ಅಪಾಯ ಇದ್ರೆ ಸಹಾಯ ಮಾಡೋರಿಗೆ ಹೇಳ್ಲೇಬೇಕಾಗುತ್ತೆ. ನಾನು ನಿನ್ನ ಜೊತೆಗಿರ್ತೀನಿ" ಎನ್ನಿ.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ತಪ್ಪು ಮಾಡಿದವರು ಮನೆಯವರಾಗಿರಲಿ, ಚರ್ಚಿನವರೇ ಆಗಿರಲಿ, ಹೆಸರು ಕೆಡುತ್ತದೆಂದು ಮುಚ್ಚಿಹಾಕುವುದು ಮಗುವಿಗೆ ಮಾಡುವ ಎರಡನೇ ಅನ್ಯಾಯ.

ನಾವು ಪಾಲಿಸಬೇಕಾದದ್ದು

• ಮಕ್ಕಳ ಸಭೆಗೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು.
• ಒಂದು ಮಗುವಿನ ಜೊತೆ ಮಾತಾಡುವುದಿದ್ದರೆ ನಾಲ್ಕು ಜನರಿಗೆ ಕಾಣುವ ಜಾಗದಲ್ಲಿ ಕೂರಬೇಕು.
• ಬೇರೆ ಮಕ್ಕಳೊಂದಿಗೆ ಹೋಲಿಸಿ ಹಂಗಿಸಬಾರದು.
• ಬರುತ್ತೇವೆಂದು ಹೇಳಿದ ದಿನ ತಪ್ಪಿಸಬಾರದು. ಮಕ್ಕಳು ನಮ್ಮ ಭಾಷಣ ಮರೆಯುತ್ತಾರೆ, ನಾವು ಬಾರದಿದ್ದ ದಿನವನ್ನು ಮರೆಯುವುದಿಲ್ಲ.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರಿದ್ದೇವೆ. ಚರ್ಚಿನ ಗುಂಪಿಗೆ ಬಾರದವರು ತಮ್ಮ ಬೀದಿಯ ಮಕ್ಕಳೊಂದಿಗೆ ಇದೇ ಮೂರು ಹೆಜ್ಜೆ ಇಡಬಹುದು.

ಸಂಘದಲ್ಲಿ ಚರ್ಚಿಸಿ

1. ನಮ್ಮೂರಿನಲ್ಲಿ ಈ ವರ್ಷ ಶಾಲೆ ಬಿಟ್ಟ ಮಕ್ಕಳು ಯಾರು? ಯಾಕೆ ಬಿಟ್ಟರು?
2. ಹದಿಹರೆಯದಲ್ಲಿ ನಮ್ಮ ಮಾತು ಕೇಳಿಸಿಕೊಂಡವರು ಯಾರು? ಅವರಿಂದ ನಮಗೆ ಏನು ಸಿಕ್ಕಿತು?
3. ತಿಂಗಳಿಗೆ ಎರಡು ಭಾನುವಾರ ಒಂದು ಗಂಟೆ ಕೊಡಬಲ್ಲ ಇಬ್ಬರು ಯಾರು?

ಮೂರನೆಯ ಪ್ರಶ್ನೆಗೆ ಸಿಕ್ಕ ಹೆಸರುಗಳನ್ನು ಇವತ್ತಿನ ನಡಾವಳಿಯಲ್ಲೇ ಬರೆಯಿರಿ.