ಹಳೇ ಕಾರು, ಆಯಿಲ್ ಕಡ್ಡಿ, ಮನೆ ಲೆಕ್ಕ

ನನ್ನ ಬಳಿ 2004ರ ಮಾರುತಿ 800 ಇದೆ. ಮಾರಲು ಹೊರಟರೆ ನಲವತ್ತು ಸಾವಿರ ಕೊಡುವವರು ಸಿಕ್ಕರೆ ಪುಣ್ಯ. ಆದರೆ ತಮಿಳುನಾಡಿನ ತಾಳವಾಡಿಯಲ್ಲಿ ಇರುವವನು ಕಾರಿಗೆ ಆ ಬೆಲೆ ಕಟ್ಟುವುದಿಲ್ಲ. ನಮ್ಮ ಜಿಲ್ಲಾಕೇಂದ್ರ ಈರೋಡು. ಅಲ್ಲಿ ಒಂದು ಸಹಿ ಬೇಕೆಂದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ ಹಾದು ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಆಸ್ಪತ್ರೆಗೆ, ಬಟ್ಟೆಬರೆಗೆ, ಗಾಡಿಯ ಸಾಮಾನಿಗೆ ಚಾಮರಾಜನಗರವೇ ಹತ್ತಿರ. ಎರಡು ರಾಜ್ಯದ ನಡುವೆ ಓಡಾಡುವ ಸಂಸಾರಕ್ಕೆ ಬಸ್ಸಿನ ವೇಳೆ ಹೊಂದುವುದು ಅಪರೂಪ. ಹಾಗಾಗಿ ಕಾರು ಉಳಿದಿದೆ.

ಉಳಿಸಿಕೊಳ್ಳುವುದಕ್ಕೂ ಖರ್ಚಿದೆ. 15 ವರ್ಷ ತುಂಬಿದಾಗ, 2019ರಲ್ಲಿ, ಆರ್‌ಸಿ ನವೀಕರಣದ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, ಎರಡನೇ ನವೀಕರಣಕ್ಕೆ ಅಷ್ಟು ಕಟ್ಟಿದೆ. 2025ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮದಲ್ಲಿ 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ ಬೇರೆ. ಸಾವಿರ ಸಿಸಿ ಒಳಗಿನ ಕಾರಿನ ಥರ್ಡ್ ಪಾರ್ಟಿ ವಿಮೆಗೆ ವರ್ಷಕ್ಕೆ 2,094, ಅದರ ಮೇಲೆ ಜಿಎಸ್‌ಟಿ. ಇವೆಲ್ಲ ಮೊದಲೇ ಗೊತ್ತಿರುವ ಖರ್ಚು, ಎತ್ತಿಟ್ಟುಕೊಳ್ಳಬಹುದು. ಹೇಳದೆ ಕೇಳದೆ ಬರುವುದು ಇಂಜಿನ್ ಖರ್ಚು.

ನಮ್ಮ ಕಡೆ ದುಡ್ಡು ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಅರಿಶಿನ ಹಾಕಿದವನು ಒಂಬತ್ತು ತಿಂಗಳು ಕಾಯುತ್ತಾನೆ. ಕೋಸು, ಟೊಮೆಟೊ ಹಾಕಿದವನು ಬೇಗ ದುಡ್ಡು ನೋಡುತ್ತಾನೆ, ಆದರೆ ಎಷ್ಟು ನೋಡುತ್ತಾನೆ ಎನ್ನುವುದು ಮಾರುಕಟ್ಟೆಯ ಕೈಯಲ್ಲಿ. ಕೈ ಖಾಲಿ ಇರುವ ತಿಂಗಳಲ್ಲಿ ಇಂಜಿನ್ ಕೂತರೆ ಮೂವತ್ತು ಸಾವಿರ ತರುವುದು ಚಿನ್ನ ಅಡವಿಟ್ಟೇ. ರಿಪೇರಿಯ ಜೊತೆಗೆ ಅದರ ಬಡ್ಡಿಯನ್ನೂ ಕಾರಿನ ಲೆಕ್ಕಕ್ಕೇ ಬರೆಯಬೇಕು. ನಲವತ್ತು ಸಾವಿರದ ಗಾಡಿಗೆ ಮೂವತ್ತು ಸಾವಿರದ ಇಂಜಿನ್ ಕೆಲಸ ಎಂದರೆ ಕಾರನ್ನು ಗುಜರಿಗೆ ಹಾಕುವ ತೀರ್ಮಾನವೇ ಸರಿ.

ಅದಕ್ಕೇ ಹಳೇ ಗಾಡಿಯಲ್ಲಿ ನಾನು ಮೊದಲು ದುಡ್ಡು ಹಾಕುವುದು ಅಳತೆ ತೋರಿಸುವ ಸಾಮಾನಿಗೆ. ಮೊನ್ನೆ ಇಂಜಿನ್ ಎಣ್ಣೆಯ ಮಟ್ಟ ನೋಡುವ ಆಯಿಲ್ ಕಡ್ಡಿಯ ಹಿಡಿ ಮುರಿಯಿತು. ಇಂಜಿನ್ ಕಾವಿಗೆ ಆ ಪ್ಲಾಸ್ಟಿಕ್ ವರ್ಷಗಟ್ಟಲೆ ಬೆಂದು, ಎಳೆದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ತಂತಿ ಸುತ್ತಿ ನಡೆಸಬಹುದಿತ್ತು. ಆದರೆ ಪೈಪಿನ ಬಾಯಿಗೆ ಕೂತು ಕಡ್ಡಿಯನ್ನು ಇಷ್ಟೇ ಆಳಕ್ಕೆ ನಿಲ್ಲಿಸುವುದು ಅದೇ ಹಿಡಿ. ಅದು ಹೋದ ಮೇಲೆ ಗುರುತು ಎಷ್ಟು ಚೆನ್ನಾಗಿ ಕಂಡರೂ ಅಳತೆ ಸುಳ್ಳು. ಚಾಮರಾಜನಗರದ ಒಂದು ಅಂಗಡಿಯಲ್ಲಿ ‘ಇದೇ ಗಾಡಿಗೆ ಬತ್ತದೆ’ ಅಂತ ಕೊಟ್ಟ ಕಡ್ಡಿಗೆ ಮುನ್ನೂರು ಚಿಲ್ಲರೆ ಆಯಿತು. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಗಡಿಯ ಆಚೆಗೂ ಈಚೆಗೂ ಅದೇ ದರ, ತೆರಿಗೆ ಉಳಿಸಲು ಸತ್ಯಮಂಗಲಕ್ಕೆ ಇಳಿಯುವ ಹಾಗಿಲ್ಲ.

ಊರಿಗೆ ತಂದು ಎರಡು ಕಡ್ಡಿಗಳನ್ನೂ ಬಾನೆಟ್ ಮೇಲೆ ಒಟ್ಟಿಗೆ ಇಟ್ಟು ನೋಡಿದೆವು. ಹಿಡಿಯ ಬುಡದಿಂದ ಮೇಲಿನ ಗುರುತಿನವರೆಗೆ ಹೊಸದು ಹಳೆಯದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಉದ್ದ. ಹಾಗಂತ ಹಳೆಯದನ್ನು ನಂಬುವುದಾದರೂ ಹೇಗೆ? ಕಾರು ಸೆಕೆಂಡ್ ಹ್ಯಾಂಡಲ್ಲಿ ಕೊಂಡದ್ದು, ಆ ಕಡ್ಡಿಯೂ ಯಾವ ಕಾಲದ್ದೋ, ಗುರುತು ಅರ್ಧ ಸವೆದಿತ್ತು. ಗ್ಯಾರೇಜಿನ ಹುಡುಗ ಒಂದೇ ಮಾತಲ್ಲಿ ಮುಗಿಸಿದ: ‘ಎರಡನ್ನೂ ನಂಬಬ್ಯಾಡಿ ಕಣಣ್ಣ, ಆಯಿಲ್ ಅಳೆದು ಹಾಕಿ ಗುರುತು ಮಾಡ್ಮಾ.’

ಆಯಿಲ್ ಬದಲಿಸುವ ಹೊತ್ತೂ ಬಂದಿತ್ತು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಿಸಿಯಿರುವಾಗಲೇ ಚೇಂಬರಿನ ಬೋಲ್ಟ್ ಬಿಚ್ಚಿ ಹಳೇ ಎಣ್ಣೆಯನ್ನು ತೊಟ್ಟು ನಿಲ್ಲುವವರೆಗೆ ಇಳಿಸಿದ. ಫಿಲ್ಟರ್ ಹೊಸದು. ಕಡ್ಡಿ ಇಳಿಯುವ ಪೈಪು ಅಲುಗಾಡದೆ ಪೂರ್ತಿ ಆಳಕ್ಕೆ ಕೂತಿದೆಯೇ ಎಂದು ನೋಡಿದ. ಅದು ಮೇಲೆದ್ದಿದ್ದರೆ ಮುಂದಿನ ಕೆಲಸವೆಲ್ಲ ದಂಡ. ಫಿಲ್ಟರ್ ಸೇರಿ ಎಷ್ಟು ಎಣ್ಣೆ ಹಿಡಿಯುತ್ತದೆಂದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಅದರಲ್ಲಿ ಅರ್ಧ ಲೀಟರ್ ಹಿಡಿದಿಟ್ಟು ಉಳಿದದ್ದನ್ನು ಗೆರೆ ಇರುವ ಜಗ್ಗಿನಲ್ಲಿ ಅಳೆದು ಸುರಿದ. ಒಂದೆರಡು ನಿಮಿಷ ಇಂಜಿನ್ ಓಡಿಸಿದರೆ ಫಿಲ್ಟರ್ ತನ್ನ ಪಾಲು ಕುಡಿಯುತ್ತದೆ. ಆಮೇಲೆ ಆಫ್ ಮಾಡಿ ಹತ್ತು ನಿಮಿಷ ಬಿಟ್ಟೆವು, ಮೇಲೆ ಅಂಟಿದ ಎಣ್ಣೆ ಚೇಂಬರಿಗೆ ಇಳಿಯಲಿ ಅಂತ.

ಹೊಸ ಕಡ್ಡಿ ಎಳೆದು, ಬನಿಯನ್ ವೇಸ್ಟಿನಲ್ಲಿ ಒರೆಸಿ, ಮತ್ತೆ ಇಳಿಸಿ ತೆಗೆದ. ಎಣ್ಣೆ ನಿಂತ ಜಾಗದಲ್ಲಿ ಮೂರುಮೂಲೆ ಅರದಿಂದ ಅಂಚಿಗೆ ಸಣ್ಣ ಗೀರು ಹಾಕಿದ. ಆಳಕ್ಕೆ ಕೊಯ್ದರೆ ಕಡ್ಡಿ ಅಲ್ಲೇ ತುಂಡಾಗಿ ಚೇಂಬರ್ ಸೇರುತ್ತದೆ; ಬಣ್ಣ ಹಚ್ಚಿದರೆ ಬಿಸಿ ಎಣ್ಣೆಯಲ್ಲಿ ನಿಲ್ಲುವುದಿಲ್ಲ. ಅರದ ಪುಡಿ ಒರೆಸಿ, ಉಳಿದ ಅರ್ಧ ಲೀಟರ್ ಹಾಕಿ, ಅದೇ ಕ್ರಮದಲ್ಲಿ ಮೇಲಿನ ಗೀರು. ಅಂಗಡಿಯ ಕಡ್ಡಿಯಲ್ಲಿ ‘ಫುಲ್’ ಎಂದು ಅಚ್ಚಾಗಿದ್ದ ಗುರುತು ನಮ್ಮ ಎರಡು ಗೀರುಗಳ ನಡುವೆ ಬಿದ್ದಿತ್ತು. ಅದನ್ನು ನಂಬಿದ್ದರೆ ಪ್ರತಿ ಸಲವೂ ಕಮ್ಮಿ ಎಣ್ಣೆಯಲ್ಲೇ ಗಾಡಿ ಓಡುತ್ತಿತ್ತು.

ಸಪಾಟು ರಸ್ತೆಯಲ್ಲಿ ಅದು ತಿಳಿಯದೇ ಹೋಗಬಹುದು. ಘಾಟಿಯಲ್ಲಿ ಹಾಗಲ್ಲ. ಇಳಿಜಾರಿನ ತಿರುವಿನಲ್ಲಿ ಚೇಂಬರಿನ ಎಣ್ಣೆ ಒಂದು ಮಗ್ಗುಲಿಗೆ ಸರಿಯುತ್ತದೆ. ಮಟ್ಟ ಕಮ್ಮಿಯಿದ್ದರೆ ಪಂಪು ಎಣ್ಣೆಯ ಬದಲು ಗಾಳಿ ಎಳೆಯುತ್ತದೆ, ಬೇರಿಂಗ್ ಒಣಗುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೇಳುತ್ತದಲ್ಲ ಎನ್ನುವವರಿದ್ದಾರೆ. ನಮ್ಮಂಥ ಕಾರುಗಳಲ್ಲಿ ಅದು ತೋರಿಸುವುದು ಎಣ್ಣೆಯ ಒತ್ತಡವನ್ನು, ಮಟ್ಟವನ್ನಲ್ಲ. ಅದು ಹತ್ತಿಕೊಂಡಾಗ ತಡವಾಗಿರುತ್ತದೆ. ಹಾಗಂತ ‘ಇರಲಿ ಒಂದಿಷ್ಟು’ ಎಂದು ಹೆಚ್ಚು ಸುರಿಯುವುದೂ ಬೇಡ. ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ಸೀಲುಗಳಿಂದ ಸೋರುತ್ತದೆ. ಹುಲಿ ಮೀಸಲು ಕಾಡಿನ ನಡುವೆ ಗಾಡಿ ನಿಂತರೆ ಎಳೆಸುವ ಖರ್ಚು ಒಂದು ಕಡೆ. 2022ರ ಫೆಬ್ರವರಿಯಿಂದ ದಿಂಬಂನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಕತ್ತಲಾಗುವ ಮೊದಲು ದಾಟಿಕೊಳ್ಳುವ ಆತುರ ಇನ್ನೊಂದು ಕಡೆ.

ವಿಮೆ ಇದೆಯಲ್ಲ ಎಂಬ ಧೈರ್ಯವೂ ಇಲ್ಲಿ ನಡೆಯದು. ಥರ್ಡ್ ಪಾರ್ಟಿಯಲ್ಲಿ ನಮ್ಮ ಗಾಡಿಗೆ ಬಿಡಿಗಾಸೂ ಇಲ್ಲ. ಫುಲ್ ಇನ್ಶೂರೆನ್ಸ್ ಮಾಡಿಸಿದರೂ ಸವಕಳಿ, ಯಾಂತ್ರಿಕ ಕೆಡುಕು ಅದರ ಹೊರಗೆ. ಎಣ್ಣೆ ಕಮ್ಮಿಯಾಗಿ ಇಂಜಿನ್ ಹೋದರೆ ಪೂರ್ತಿ ನಮ್ಮ ಜೇಬಿನಿಂದಲೇ.

ನನ್ನ ಖಾತೆ ಪುಸ್ತಕದಲ್ಲಿ ಈ ಕೆಲಸಕ್ಕೆಂದು ಬರೆದಿರುವುದು ಕಡ್ಡಿಯ ಮುನ್ನೂರು ಚಿಲ್ಲರೆ ಮಾತ್ರ. ಎಣ್ಣೆ, ಫಿಲ್ಟರ್, ಕೂಲಿ ಹೇಗೂ ಆ ತಿಂಗಳು ಆಗಬೇಕಿದ್ದ ಖರ್ಚು. ಹುಡುಗನಿಗೆ ಗೀರು ಹಾಕಿದ್ದಕ್ಕೆ ಕೊಡಲು ಹೋದರೆ ಟೀ ಸಾಕು ಅಂದ. ನಿಮ್ಮಲ್ಲೂ ಹತ್ತು-ಹದಿನೈದು ವರ್ಷ ದಾಟಿದ ಕಾರಿದ್ದು, ಕಡ್ಡಿ ಎಂದೋ ಬದಲಾಗಿದ್ದರೆ, ಮುಂದಿನ ಆಯಿಲ್ ಚೇಂಜಿನ ದಿನ ಡಬ್ಬಿಯಿಂದ ನೇರ ಸುರಿಯಲು ಬಿಡಬೇಡಿ. ಗಾಡಿಯ ಪುಸ್ತಕ ಮತ್ತು ಗೆರೆ ಇರುವ ಒಂದು ಜಗ್ಗು ಜೊತೆಗೆ ಒಯ್ಯಿರಿ.